ವ್ಯಾಕ್ಯೂಮ್‌ಗೆ ‘ನಿರ್ವಾತ’ ಒಂದೇ ಸಾಕಾ? ಟಾರಿಚೆಲ್ಲಿ ಕಾಲದ ಜಗಳಕ್ಕೆ ಪದ ಬೇಕು

ಎಲ್ಲರಿಗೂ ನಮಸ್ಕಾರ. ಟಾರಿಚೆಲ್ಲಿ, ಪ್ಯಾಸ್ಕಲ್, ಬಾಯ್ಲ್ ಇವರ ಪ್ರಯೋಗಗಳ ಬಗ್ಗೆ ಹೈಸ್ಕೂಲ್ ಮಕ್ಕಳು ಓದೋ ಹಾಗೆ ಬರೀತಾ ಇದೀನಿ, ಒಂದು ಪದದ ಹತ್ರ ಬಂದು ಗಾಡಿ ನಿಂತ್ಬಿಟ್ಟಿದೆ. ವ್ಯಾಕ್ಯೂಮ್‌ಗೆ ಪಠ್ಯಪುಸ್ತಕದಲ್ಲಿ ನಿರ್ವಾತ ಅಂತಾನೇ ಇರೋದು, ನಂದೇನೂ ತಕರಾರಿಲ್ಲ, ಥರ್ಮಾಸ್ ಫ್ಲಾಸ್ಕಿನ ಬಗ್ಗೆ ಬರೆಯೋವಾಗ ಆರಾಮಾಗಿ ನಡೆಯುತ್ತೆ. ಆದ್ರೆ 1640ರ ದಶಕದ ಯುರೋಪಿನ ಜಗಳನ ಈ ಪದದಲ್ಲಿ ಹೇಳಕ್ಕೆ ಹೋದ್ರೆ ಅವರು ಜಗಳ ಆಡಿದ್ದು ಯಾಕೆ ಅನ್ನೋದೇ ತಿಳಿಯಲ್ಲ.

ಒಂದು ಕಡೆ ಮುಚ್ಚಿರೋ ಗಾಜಿನ ಕೊಳವೆಗೆ ಪಾದರಸ ತುಂಬಿ, ಬಾಯಿಗೆ ಬೆರಳು ಒತ್ತಿ, ತಲೆಕೆಳಗು ಮಾಡಿ ಪಾದರಸದ ಬಟ್ಟಲಲ್ಲಿ ನಿಲ್ಲಿಸಿ ಬೆರಳು ತೆಗೆದ್ರೆ ಪೂರ್ತಿ ಇಳಿಯಲ್ಲ, ಸುಮಾರು 76 ಸೆಂಟಿಮೀಟರ್ ಎತ್ತರದಲ್ಲಿ ನಿಂತ್ಕೊಳ್ಳುತ್ತೆ. 1644ರ ಜೂನ್‌ನಲ್ಲಿ ಟಾರಿಚೆಲ್ಲಿ ತನ್ನ ಗೆಳೆಯ ರಿಚ್ಚಿಗೆ ಕಾಗದ ಬರೆದು, ನಾವೆಲ್ಲ ಗಾಳಿ ಸಮುದ್ರದ ತಳದಲ್ಲಿ ಮುಳುಗಿ ಬದುಕ್ತಾ ಇದೀವಿ, ಆ ಗಾಳಿಯ ಭಾರಾನೇ ಪಾದರಸನ ಎತ್ತಿ ಹಿಡಿದಿರೋದು ಅಂದ. ಸರಿ, ಪಾದರಸದ ಮೇಲೆ ಉಳಿದ ಜಾಗದಲ್ಲಿ ಏನಿದೆ? ಅರಿಸ್ಟಾಟಲ್ ಕಡೆಯೋರ ಪ್ರಕಾರ ನಿಸರ್ಗಕ್ಕೆ ಖಾಲಿ ಜಾಗ ಆಗಿಬರೋದೇ ಇಲ್ಲ. ಫ್ರೆಂಚ್ ತತ್ವಜ್ಞಾನಿ ದೆಕಾರ್ತ್ ಪ್ರಕಾರ ಅಲ್ಲಿ ಗಾಳಿ ಇಲ್ದೇ ಇರಬಹುದು, ಆದ್ರೆ ಗಾಜಿನೊಳಗೂ ನುಸುಳೋ ಒಂದು ಸೂಕ್ಷ್ಮ ದ್ರವ್ಯ ತುಂಬ್ಕೊಂಡೇ ಇರುತ್ತೆ. ಈಗ ದೆಕಾರ್ತ್‌ನ ವಾದನ ಕನ್ನಡದಲ್ಲಿ ಬರೀರಿ: ‘ಅಲ್ಲಿ ಗಾಳಿ ಇಲ್ಲ, ಆದರೆ ಅದು ನಿರ್ವಾತ ಅಲ್ಲ’. ಓದಿದ ಮಗು ಇವನಿಗೇನು ಹುಚ್ಚಾ ಅನ್ನುತ್ತೆ.

ವಾತ ಅಂದ್ರೇನೇ ಗಾಳಿ ತಾನೆ, ಅದೂ ಬೀಸೋ ಗಾಳಿ. ಗೀತೆಯ ಆರನೇ ಅಧ್ಯಾಯದಲ್ಲಿ ಅಲುಗಾಡದ ದೀಪ ಇರೋದು ‘ನಿವಾತ’ದಲ್ಲಿ, ಗಾಳಿ ಬೀಸದ ಜಾಗ ಅಂತ ಅಷ್ಟೇ ಅರ್ಥ, ನಮ್ಮ ಪಠ್ಯಪುಸ್ತಕದ ನಿರ್ವಾತ ಆಗಿದ್ರೆ ಆ ದೀಪ ಉರೀತಾನೇ ಇರ್ಲಿಲ್ಲ.

ಮಜಾ ಏನಂದ್ರೆ ಇದೇ ಪದ ಬಾಯ್ಲ್‌ಗೆ ಮಾತ್ರ ಹೇಳಿ ಮಾಡಿಸಿದ ಹಾಗಿದೆ. 1659ರಲ್ಲಿ ಸಹಾಯಕ ಹುಕ್ ಗಾಳಿ ತೆಗೆಯೋ ಪಂಪು ಕಟ್ಟಿಕೊಟ್ಟ ಮೇಲೆ ಗಾಜಿನ ಬುರುಡೆಯಿಂದ ಗಾಳಿ ತೆಗೆದು ಒಳಗೆ ಮೇಣದಬತ್ತಿ, ಹಕ್ಕಿ, ಇಲಿ ಎಲ್ಲ ಇಟ್ಟು ನೋಡಿದ ಬಾಯ್ಲ್, 1660ರ ಪುಸ್ತಕದಲ್ಲಿ ಸ್ಪಷ್ಟವಾಗೇ ಹೇಳ್ತಾನೆ, ನಾನು ವ್ಯಾಕ್ಯೂಮ್ ಅಂದ್ರೆ ಏನೂ ಇಲ್ಲದ ಜಾಗ ಅಂತಲ್ಲ, ಪೂರ್ತಿ ಅಥವಾ ಹೆಚ್ಚುಕಮ್ಮಿ ಪೂರ್ತಿ ಗಾಳಿ ಇಲ್ಲದ ಜಾಗ ಅಂತ. ಅದೇ ನಮ್ಮ ನಿರ್ವಾತ! ಇಂಗ್ಲಿಷ್ ತತ್ವಜ್ಞಾನಿ ಹಾಬ್ಸ್ ಜೊತೆ ಇದೇ ವಿಷಯಕ್ಕೆ ಜಗಳ ಆದ್ರೂ ತಾನು ಆ ತತ್ವಶಾಸ್ತ್ರದ ಕೆಸರಿಗೆ ಇಳಿಯಲ್ಲ ಅನ್ನೋದು ಬಾಯ್ಲ್‌ನ ಜಾಣತನ.

ತೀರಾ ಕೈ ಕೊಡೋದು ಒಂದು ಜೋಕಲ್ಲಿ. ಪ್ಯಾಸ್ಕಲ್‌ನ ಪ್ರಯೋಗಗಳ ಬಗ್ಗೆ ದೆಕಾರ್ತ್ 1647ರಲ್ಲಿ ಹೈಗನ್ಸ್‌ಗೆ (ಶನಿಯ ಚಂದ್ರ ಟೈಟಾನ್ ಕಂಡುಹಿಡಿದವನಲ್ಲ, ಅವನ ಅಪ್ಪ) ಬರೀತಾ, ಆ ಹುಡುಗನ ತಲೇಲೇ ವ್ಯಾಕ್ಯೂಮ್ ಜಾಸ್ತಿ ಅಂತ ಕುಟುಕ್ತಾನೆ. ‘ತಲೆಯಲ್ಲಿ ನಿರ್ವಾತ ಜಾಸ್ತಿ’ ಅಂದ್ರೆ ಯಾರೂ ನಗಲ್ಲ, ‘ತಲೆ ಖಾಲಿ’ ಅಂದ್ರೆ ನಗ್ತಾರೆ, ಆದ್ರೆ ಹಿಂದಿನ ಪುಟದಲ್ಲಿ ಕೊಳವೆಗೂ ಖಾಲಿ ಅಂತಾನೇ ಬರೆದಿದ್ರೆ ಮಾತ್ರ. ಆ ಹುಡುಗ ಮುಂದಿನ ವರ್ಷಾನೇ ಅಕ್ಕನ ಗಂಡ ಪೆರಿಯೇ ಕೈಲಿ ಕೊಳವೆ ಹೊರಿಸಿ ಫ್ರಾನ್ಸಿನ ಪ್ಯುಯಿ ದ ಡೋಮ್ ಬೆಟ್ಟ ಹತ್ತಿಸಿ, ಮೇಲೆ ಹೋದಂಗೆ ಪಾದರಸ ಹತ್ತಿರತ್ರ 8 ಸೆಂಟಿಮೀಟರ್ ಇಳಿಯುತ್ತೆ ಅಂತ ತೋರಿಸಿದ, 1648ರ ಸೆಪ್ಟೆಂಬರ್ 19. ಬುಡದಲ್ಲಿ ಮಠದ ತೋಟದಲ್ಲಿ ಇನ್ನೊಂದು ಕೊಳವೆ ಇಟ್ಟು ಪಾದ್ರಿಯೊಬ್ರನ್ನ ಕಾವಲಿಗೆ ಕೂರಿಸಿದ್ರು, ಅದು ಇಡೀ ದಿನ ಅಲ್ಲಾಡ್ಲಿಲ್ಲ. ಭಾವ ಅಂದ್ರೆ ಹಿಂಗಿರಬೇಕು ನೋಡಿ.

ನಾನು ಯೋಚ್ನೆ ಮಾಡಿದ ಬೇರೆ ಪದಗಳು: ಶೂನ್ಯ ಅಂದ್ರೆ ಮಕ್ಕಳಿಗೆ ಸೊನ್ನೆ, ದೊಡ್ಡವರಿಗೆ ಅಲ್ಲಮ. ಬಯಲು ಕೂಡ ಅಷ್ಟೇ, ಒಂದೋ ವಚನ, ಇಲ್ಲ ಊರಾಚೆ ಮೈದಾನ. ಟೊಳ್ಳು ಅಂದ್ರೆ ಬಿದಿರಿನ ಒಳಗಿನ ಹಾಗೆ, ಅಲ್ಲಿ ಗಾಳಿ ಇದ್ದೇ ಇರುತ್ತೆ. ಸದ್ಯಕ್ಕೆ ಟಾರಿಚೆಲ್ಲಿಯಿಂದ ಪ್ಯಾಸ್ಕಲ್ ತನಕ ‘ಬರಿದು’, ಬಾಯ್ಲ್ ಬಂದ ಮೇಲೆ ‘ನಿರ್ವಾತ’ ಅಂತ ಎರಡು ಪದ ಇಟ್ಕೊಂಡಿದೀನಿ. ಎಡಿಟರ್ ಒಂದೇ ಪದ ಇರ್ಲಿ ಅಂತಾರೆ, ನಂಗೆ ಒಪ್ಪಿಗೆ ಇಲ್ಲ. ‘ಬರಿದು’ಗಿಂತ ಬಳಕೇಲಿರೋದು ನಿಮ್ಮ ಕಡೆ ಏನಾದ್ರೂ ಇದ್ರೆ ಹೇಳಿ.

ಜೊತೆಗೆ ಇನ್ನೆರಡು. ಬಾಯ್ಲ್‌ನ ಏರ್ ಪಂಪನ್ನ ‘ಗಾಳಿ ಪಂಪು’ ಅಂದ್ರೆ ಸೈಕಲ್ ಶಾಪಿಂದು ಅನ್ಕೋತಾರೆ, ಅದು ಗಾಳಿ ತುಂಬೋದು, ಇದು ತೆಗೆಯೋದು. ಮತ್ತೆ ಬಾವಿ ಪಂಪಿಗೆ ‘ನೀರು ಎಳೆಯುತ್ತೆ’, ‘ಹೀರುತ್ತೆ’ ಅಂತೀವಲ್ಲ, ಟಾರಿಚೆಲ್ಲಿ ಹೇಳಿದ್ದೇ ಯಾರೂ ಎಳೆಯಲ್ಲ, ಹೊರಗಿನ ಗಾಳಿ ಒತ್ತಿ ಏರಿಸುತ್ತೆ ಅಂತ. 18 ಬ್ರಾಚ್ಚಿಯಕ್ಕಿಂತ, ಅಂದ್ರೆ ಹತ್ತು ಮೀಟರ್ ಚಿಲ್ಲರೆಗಿಂತ, ಮೇಲಕ್ಕೆ ಪಂಪು ನೀರು ತರಲ್ಲ ಅಂತ ಗೆಲಿಲಿಯೊ 1638ರಲ್ಲೇ ಬರೆದಿದ್ದ. ಹಾಗಾದ್ರೆ ಆ ಪಾಠದಲ್ಲಿ ‘ಎಳೆ’ ಅಂತ ಬರೀಬಹುದಾ, ಇಲ್ಲ ‘ಪಂಪಲ್ಲಿ ನೀರು ಏರುತ್ತೆ’ ಅಂತ ಜಾರ್ಕೊಳ್ಳೋದಾ? ಮೋಟ್ರು ರಿಪೇರಿ ಮಾಡೋರು ಯಾರಾದ್ರೂ ಇದ್ರೆ ನೀವೇನಂತೀರಿ ಅದನ್ನೂ ಬರೀರಿ.