[ಪದಚರ್ಚೆ] ‘ಫ್ಯಾಷನ್ ಹೌಸ್’ ಕನ್ನಡದಲ್ಲಿ ಏನು? ನಾಳೆ ಮಧ್ಯಾಹ್ನ ಅಚ್ಚಿಗೆ ಹೋಗುತ್ತೆ

ಸು. ಮ., ಮಲ್ಲೇಶ್ವರ

ಗೆಳೆಯರೇ, ತುರ್ತು.

ಒಂದು ಫ್ಯಾಷನ್ ಕಾಲೇಜಿನವರು ಪ್ರದರ್ಶನ ಇಡುತ್ತಿದ್ದಾರೆ. ಹೆಸರುವಾಸಿ ಫ್ಯಾಷನ್ ಹೌಸ್‌ಗಳು ಎಲ್ಲಿ, ಹೇಗೆ ಹುಟ್ಟಿದವು ಅಂತ 12 ಫಲಕ. ಕನ್ನಡ ಮಾಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಒಳಗಿನದೆಲ್ಲ ಮುಗಿದಿದೆ, ತಲೆಬರಹ ಒಂದೇ ಬಾಕಿ. ಬೋರ್ಡಿನಲ್ಲಿ ಶೇ. 60 ಕನ್ನಡ ಇರಬೇಕು ಅನ್ನುವ ಕಾನೂನು ಬಂದ ಮೇಲೆ ಮೇಲ್ಗಡೆ ದಪ್ಪಕ್ಷರದಲ್ಲಿ ಕೂರುವುದು ನಮ್ಮ ಕನ್ನಡವೇ. ತಪ್ಪಾದರೆ ರಸ್ತೆಗೆಲ್ಲ ಕಾಣುತ್ತೆ.

ಮೊದಲು ‘ಫ್ಯಾಷನ್ ಮನೆಗಳು’ ಅಂತ ಬರೆದೆ. ಮಾದರಿ ಹಾಳೆಯನ್ನು ಕಾಲೇಜಿನ ಗೇಟಿಗೆ ಒರಗಿಸಿ ದೂರದಿಂದ ನೋಡುತ್ತಿದ್ದೆ. ಸೆಕ್ಯೂರಿಟಿಯವರು ಹತ್ತಿರ ಬಂದು, "ಬಾಡಿಗೆಗಾ ಮೇಡಂ, ಲೀಸಿಗಾ?" ಅಂದರು. ಅಲ್ಲಿಗೆ ಆ ಪದದ ಕತೆ ಮುಗಿಯಿತು.

ಹೊಲಿಯುವ ಜಾಗ, ಮಾರುವ ಅಂಗಡಿ, ಯಜಮಾನ ಸತ್ತ ಮೇಲೂ ನಡೆಯುವ ಹೆಸರು, ಈ ಮೂರೂ ಆ ‘ಹೌಸ್’ ಒಳಗಿವೆ. ಅಷ್ಟನ್ನೂ ಹೊರುವ ಕನ್ನಡ ಪದ ಯಾವುದಾದರೂ ಇದೆಯಾ? ನಾಳೆ 12 ಗಂಟೆಗೆ ಪ್ರಿಂಟಿನವರಿಗೆ ಕೊಡಬೇಕು.

———

ನಂ. ಕು., ವಿಜಯನಗರ

ಉಡುಗೆಮನೆ.

ಇದರಲ್ಲಿ ಮಾತಾಡುವಂತದ್ದು ಏನಿದೆ? ಆಲೆಮನೆ, ಸೆರೆಮನೆ, ಅರಮನೆ. ಕೆಲಸ ನಡೆಯುವ ಜಾಗಕ್ಕೆ ಕನ್ನಡಿಗರು ಮನೆ ಅಂತಲೇ ಅಂದಿದ್ದಾರೆ. ‘ಪ್ಯಾಶನ್’ ಬಿಟ್ಟುಬಿಡಿ. ಆಡುವಾಗ ಮಂದಿಯ ಬಾಯಲ್ಲಿ ‘ಪ’ ಇದೆ, ಬರೆಯುವಾಗ ಮಾತ್ರ ಅದಕ್ಕೆ ಹೊಟ್ಟೆ ಸೀಳುವುದು ಯಾಕೆ?

———

ಜ. ರಾ., ಚಾಮರಾಜಪೇಟೆ

ಉಡುಗೆಮನೆ, ಅಡುಗೆಮನೆ, ಪಕ್ಕದಲ್ಲೇ ಬಚ್ಚಲುಮನೆ. 30x40 ಸೈಟಿಗೆ ಪ್ಲಾನ್ ರೆಡಿ.

———

ಸು. ಮ., ಮಲ್ಲೇಶ್ವರ

ನಂ. ಕು. ಅವರೇ, ಪದ ಚೆನ್ನಾಗಿದೆ. ಆದರೆ ನನ್ನ ಫಲಕಗಳಿಗೆ ಹೊಂದುವುದಿಲ್ಲ. ಈ ಕಂಪನಿಗಳಲ್ಲಿ ಅರ್ಧಕ್ಕರ್ಧ ಉಡುಗೆಯಿಂದ ಶುರುವಾದದ್ದೇ ಅಲ್ಲ. ಎರ್ಮೆಸ್ 1837ರಲ್ಲಿ ಪ್ಯಾರಿಸ್ಸಿನಲ್ಲಿ ಕುದುರೆ ಸಜ್ಜು ಮಾಡುತ್ತಿದ್ದ ಅಂಗಡಿ. ಲೂಯಿ ವಿಟಾನ್ 1854ರಲ್ಲಿ ತೆರೆದದ್ದು ಪೆಟ್ಟಿಗೆ ಅಂಗಡಿ. ಊರಿಗೆ ಹೊರಟ ಶ್ರೀಮಂತರ ಬಟ್ಟೆಬರೆಯನ್ನು ಮಡಿಸಿ ಪೆಟ್ಟಿಗೆಗೆ ತುಂಬಿ ಕೊಡುವುದೂ ಆತನ ಕಸುಬು. ಆಮೇಲೆ ಮುಚ್ಚಳ ಚಪ್ಪಟೆಯಾಗಿರುವ ಪೆಟ್ಟಿಗೆ ಮಾಡಿದ, ಒಂದರ ಮೇಲೊಂದು ಪೇರಿಸಲು ಅನುಕೂಲವಾಯಿತು. ಪ್ರಾಡಾ 1913ರಲ್ಲಿ ಮಿಲಾನಿನಲ್ಲಿ ಚರ್ಮದ ಸಾಮಾನಿನ ಅಂಗಡಿ. ಗುಚ್ಚಿ 1921ರಲ್ಲಿ ಫ್ಲಾರೆನ್ಸಿನಲ್ಲಿ, ಅದೂ ಚರ್ಮವೇ. ಅದಕ್ಕೂ ಮೊದಲು ಆ ಗುಚ್ಚಿಯೋ ಗುಚ್ಚಿ ಲಂಡನ್ನಿನ ಸವಾಯ್ ಹೋಟೆಲಿನಲ್ಲಿ ಕೆಲಸಕ್ಕಿದ್ದ. ಬಂದಿಳಿಯುವವರ ಸೂಟ್‌ಕೇಸು ನೋಡಿ ನೋಡಿಯೇ ಈ ದಾರಿ ಹಿಡಿದನಂತೆ.

ಇನ್ನು ಶನೆಲ್. 1910ರಲ್ಲಿ ಪ್ಯಾರಿಸ್ಸಿನ ರೂ ಕಾಂಬೋನ್ ಬೀದಿಯ 21ನೇ ನಂಬರಿನಲ್ಲಿ ಆಕೆ ತೆರೆದದ್ದು ಟೋಪಿ ಅಂಗಡಿ.

———

ಜ. ರಾ., ಚಾಮರಾಜಪೇಟೆ

ಟೋಪಿ ಹಾಕುವುದರಿಂದಲೇ ಶುರುವಾಯಿತು ಅನ್ನಿ. ಆ ಹ್ಯಾಂಡ್‌ಬ್ಯಾಗಿನ ರೇಟು ನೋಡಿದಾಗಲೇ ಅಂದುಕೊಂಡೆ.

———

ವೆಂ. ರಾ., ಬಸವನಗುಡಿ

ತಮಾಷೆ ಸಾಕು. ಮೂಲಕ್ಕೆ ಹೋಗೋಣ.

ಫ್ರೆಂಚರು ಹೌಸ್ ಅನ್ನುವುದಿಲ್ಲ, ‘ಮೇಝೋ’ ಅನ್ನುತ್ತಾರೆ. ಅದು ಲ್ಯಾಟಿನ್ನಿನ ‘ಮಾನ್ಸಿಯೋ’ದಿಂದ ಬಂದದ್ದು. ಅದರ ಬೇರು ‘ಮಾನೇರೆ’, ನೆಲೆಸು, ಉಳಿದುಕೋ ಅಂತ. ಈಗ ತಮಿಳಿನ ‘ಮನ್ನು’ ನೋಡಿ. ನೆಲೆಯಾಗಿರು ಅಂತಲೇ ಅರ್ಥ. ಅವರ ‘ಮನೈ’, ನಮ್ಮ ‘ಮನೆ’. ಧ್ವನಿಯೂ ಒಂದೇ, ಅರ್ಥವೂ ಒಂದೇ. ಮನೆ, ಮೇಝೋ, ಮ್ಯಾನ್ಷನ್ ಒಂದೇ ಬಳ್ಳಿಯ ಕಾಯಿಗಳು ಅಂತ ಈ ಪದಚರ್ಚೆ ಗುಂಪಿನಲ್ಲೇ ಎಷ್ಟು ಸಲ ಬರೆದಿಲ್ಲ ನಾನು! ಆದ್ದರಿಂದ ‘ಮನೆ’ ಬಿಡಲೇಬೇಡಿ. ಫ್ರೆಂಚರೇ ನಮ್ಮ ಪದ ಆಡುತ್ತಿರುವಾಗ ಸೆಕ್ಯೂರಿಟಿಯವರ ಮಾತು ಏಕೆ?

———

ನಂ. ಕು., ವಿಜಯನಗರ

ಕಾಗೆ ಕೂತಿತು, ಕೊಂಬೆ ಮುರಿಯಿತು. ಮುಂದೆ?

———

ಬ. ಹಿ., ರಾಜಾಜಿನಗರ (ಊರು ಧಾರವಾಡ)

ಘರಾನಾ ಅನ್ರಿ. ಪದ ಬಾಯಾಗ ಐತಿ, ಹುಡುಕೋದ್ಯಾಕ?

ನಗಬೇಡಿ, ಕಾರಣ ಹೇಳುತ್ತೇನೆ. ಸುಮ ಅವರಿಗೆ ಬೇಕಾದ ಮೂರನೇ ಅರ್ಥ, ಯಜಮಾನ ಹೋದ ಮೇಲೂ ಉಳಿಯುವ ಹೆಸರು, ಅದು ‘ಮನೆ’ಯಲ್ಲಿ ಇಲ್ಲ. ‘ಮನೆತನ’ದಲ್ಲಿ ಇದೆ, ಆದರೆ ಅಲ್ಲಿ ರಕ್ತಸಂಬಂಧ ಬರುತ್ತದೆ. ಹಿಂದೂಸ್ತಾನಿ ಸಂಗೀತದವರ ಘರಾನಾ ಹಾಗಲ್ಲ. ಕಿರಾನಾ ಘರಾನಾ ಹುಟ್ಟಿದ್ದು ಉತ್ತರದಲ್ಲಿ, ಬೆಳೆಸಿದ್ದು ನಮ್ಮ ಕಡೆಯವರು. ಕುಂದಗೋಳದ ಸವಾಯಿ ಗಂಧರ್ವರು, ಅವರ ಕೈಕೆಳಗೆ ಗಂಗೂಬಾಯಿ, ಭೀಮಸೇನ ಜೋಶಿ. ಒಬ್ಬರಿಗೊಬ್ಬರು ಮಕ್ಕಳೂ ಅಲ್ಲ, ಮೊಮ್ಮಕ್ಕಳೂ ಅಲ್ಲ. ಹಾಡುವ ರೀತಿ ಮಾತ್ರ ಒಂದು.

———

ನಂ. ಕು., ವಿಜಯನಗರ

ಹಿಂದಿ ಹೇರಿಕೆಗೆ ಇನ್ನು ಬಟ್ಟೆ ಅಂಗಡಿಯೊಂದು ಬಾಕಿ ಇತ್ತು.

———

ಬ. ಹಿ., ರಾಜಾಜಿನಗರ

ಹೇರಿಕೆ ಅಂದ್ರ ದಿಲ್ಲಿಯಿಂದ ಬರೋದು. ಇದು ನಮ್ಮಜ್ಜಿ ಬಾಯಿಂದ ಬಂದದ್ದು.

———

ಸು. ಮ., ಮಲ್ಲೇಶ್ವರ

ದಯವಿಟ್ಟು ಜಗಳ ಬೇಡ. ಬ. ಹಿ. ಅವರ ಮಾತಿನಲ್ಲಿ ಹುರುಳಿದೆ.

ಫಲಕ 1ರಲ್ಲಿ ಇರುವುದು ಚಾರ್ಲ್ಸ್ ಫ್ರೆಡರಿಕ್ ವರ್ತ್. ಇಂಗ್ಲಿಷಿನವ. ಪ್ಯಾರಿಸ್ಸಿಗೆ ಹೋಗಿ, 1858ರಲ್ಲಿ ಸ್ವಂತ ಅಂಗಡಿ ಇಟ್ಟ. ಅಲ್ಲಿಯ ತನಕ ಗಿರಾಕಿ ಹೇಳಿದಂತೆ ಟೈಲರ್ ಹೊಲಿಯುತ್ತಿದ್ದ. ಈತ ತಾನೇ ಮಾದರಿ ಮಾಡಿ, ಹುಡುಗಿಯರಿಗೆ ತೊಡಿಸಿ, ಇದರಲ್ಲಿ ಆರಿಸಿಕೊಳ್ಳಿ ಅಂದ. ಒಳಗಡೆ ತನ್ನ ಹೆಸರಿನ ಪಟ್ಟಿ ಹೊಲಿಸಿದ. ಅವನು ಸತ್ತ ಮೇಲೆ ಮಕ್ಕಳು ಮುಂದುವರಿಸಿದರು. ಇದಕ್ಕೆ ‘ಮನೆತನ’ ಸರಿ. ಎರ್ಮೆಸ್‌ಗೂ ಸರಿ, ಅಲ್ಲಿ ಈಗ ಆರನೇ ತಲೆಮಾರು.

ಆದರೆ ಡಿಯೋರ್? 1946ರಲ್ಲಿ ಶುರು, ದುಡ್ಡು ಹಾಕಿದ್ದು ಮಾರ್ಸೆಲ್ ಬೂಸಾಕ್ ಅನ್ನುವ ಬಟ್ಟೆ ಗಿರಣಿ ಸಾಹುಕಾರ. 1947ರ ಫೆಬ್ರವರಿಯಲ್ಲಿ ಮೊದಲ ಸಂಗ್ರಹ. ಯುದ್ಧ ಮುಗಿದು ಇನ್ನೂ ಬಟ್ಟೆಗೆ ಬರ ಇದ್ದಾಗ ಗಜಗಟ್ಟಲೆ ನೆರಿಗೆಯ ಲಂಗ ತಂದ. 1957ರಲ್ಲಿ ಡಿಯೋರ್ ತೀರಿಕೊಂಡ. ಗದ್ದುಗೆಗೆ ಬಂದವನು ಮಗ ಅಲ್ಲ, ಕೈಕೆಳಗಿದ್ದ 21 ವರ್ಷದ ಹುಡುಗ, ಈವ್ ಸ್ಯಾಂ ಲೋರಾ. ಬಾಲೆನ್ಸಿಯಾಗ ಇನ್ನೂ ವಿಚಿತ್ರ. ಯಜಮಾನನೇ 1968ರಲ್ಲಿ ಬಾಗಿಲು ಹಾಕಿದ. ಅವನು ಸತ್ತ ಎಷ್ಟೋ ವರ್ಷದ ಮೇಲೆ ಬೇರೆಯವರು ಅದೇ ಹೆಸರಿನಲ್ಲಿ ಮತ್ತೆ ಶುರು ಮಾಡಿದರು.

———

ಜ. ರಾ., ಚಾಮರಾಜಪೇಟೆ

ಗುರು ಹೋದರೆ ಶಿಷ್ಯ ಪೀಠಕ್ಕೆ. ಮಕ್ಕಳ ಮಾತೇ ಇಲ್ಲ. ಇದಕ್ಕೆ ಕನ್ನಡದಲ್ಲಿ ಪದ ಇದೆಯಲ್ಲ, ‘ಮಠ’! ಡಿಯೋರ್ ಮಠ, 30, ಅವೆನ್ಯೂ ಮೊಂಟೇನ್, ಪ್ಯಾರಿಸ್.

———

ವೆಂ. ರಾ., ಬಸವನಗುಡಿ

ಮಠ ಬೇಡ, ಕೋರ್ಟಿಗೆ ಹೋಗುತ್ತಾರೆ. ‘ವಸ್ತ್ರವಿನ್ಯಾಸ ಸಂಸ್ಥೆ’ ಅನ್ನಿ, ಗೌರವವಾಗಿರುತ್ತದೆ.

———

ನಂ. ಕು., ವಿಜಯನಗರ

ಸರಕಾರಿ ಇಲಾಕೆ. ಪಯಲು. ಮದ್ಯಾನ್ನ ಊಟಕ್ಕೆ ಹೋಗಿದ್ದಾರೆ, ನಾಳೆ ಬನ್ನಿ.

ಹಳೆಯ ಪದ ಬೇಕಾದರೆ ‘ಚಿಪ್ಪಿಗ’ ಇದೆ. ಟೈಲರ್‌ಗೂ ಮೊದಲು, ದರ್ಜಿಗೂ ಮೊದಲು. ಚಿಪ್ಪಿಗಮನೆ.

———

ಜ. ರಾ., ಚಾಮರಾಜಪೇಟೆ

ಬಾಳೇಕಾಯಿ ಚಿಪ್ಸ್ ಎಷ್ಟು ಅಂತ ಕೇಳ್ತಾರೆ ಸಾರ್.

ಈಗ ನಾನೂ ಒಂದು ಗಂಭೀರ ಮಾತು ಹೇಳುತ್ತೇನೆ. ನಮ್ಮಪ್ಪನದು ಟೈಲರಿಂಗ್ ಅಂಗಡಿ ಇತ್ತು. ಮಾಸ್ಟರ್ರು ಒಳಗಡೆ ಬಟ್ಟೆ ಕತ್ತರಿಸುತ್ತಿದ್ದರು. ಮೆಷಿನ್ನು ಮಧ್ಯದಲ್ಲಿ. ಹೊಸ್ತಿಲ ಹತ್ತಿರ, ಬೆಳಕು ಬೀಳುವ ಜಾಗದಲ್ಲಿ, ಕಾಜಾ ಹುಡುಗ. ಬೇಸಿಗೆ ರಜೆಯಲ್ಲಿ ಆ ಹುಡುಗ ನಾನೇ. ಬ್ಲೇಡಿನಿಂದ ಸೀಳು ಹಾಕಬೇಕು, ಒಂದು ಎಳೆ ಜಾಸ್ತಿ ಹೋದರೂ ಗುಂಡಿ ನಿಲ್ಲುವುದಿಲ್ಲ. ಆಮೇಲೆ ಸೀಳಿನ ಸುತ್ತ ಒತ್ತೊತ್ತಾಗಿ ದಾರ ಸುತ್ತುತ್ತಾ, ಪ್ರತಿ ಸಲವೂ ಸೂಜಿ ಮೂತಿಗೆ ಕುಣಿಕೆ ಹಾಕಿ ಎಳೆಯಬೇಕು. ಎಳೆತ ಒಂದೇ ಸಮ ಇರಬೇಕು. ಇಲ್ಲದಿದ್ದರೆ ಕಾಜಾ ಬಾಯಿ ಬಿಡುತ್ತೆ. ಬಾಯಿ ಬಿಟ್ಟ ಕಾಜಾ ನೋಡಿದರೆ ಮಾಸ್ಟರ್ರು ಏನೂ ಅನ್ನುತ್ತಿರಲಿಲ್ಲ. ಬ್ಲೇಡಿನಿಂದ ಪೂರ್ತಿ ದಾರ ಕಿತ್ತು ವಾಪಸ್ ನನ್ನ ತೊಡೆ ಮೇಲೆ ಇಡುತ್ತಿದ್ದರು. ಎಡಗೈ ತೋರುಬೆರಳಿನ ತುದಿ ಈಗಲೂ ಒರಟಾಗಿದೆ.

ಈ ‘ಕಾಜಾ’ ಎಲ್ಲಿಂದ ಬಂತು ಗೊತ್ತಾ? ಪೋರ್ಚುಗೀಸರ ‘ಕಾಸಾ’. ಅವರ ಭಾಷೆಯಲ್ಲಿ ಗುಂಡಿ ಕೂರುವ ತೂತಿಗೆ ‘ಗುಂಡಿಯ ಕಾಸಾ’ ಅನ್ನುತ್ತಾರೆ. ಕಾಸಾ ಅಂದರೆ ಮನೆ! ಚೌಕಾಬಾರದಲ್ಲಿ ನಾವು ಕಾಯಿ ಕೂರುವ ಚೌಕಕ್ಕೆ ಮನೆ ಅನ್ನುವುದಿಲ್ಲವೇ, ಹಾಗೆ. ನೀವು ಹುಡುಕುತ್ತಿರುವ ‘ಹೌಸ್’ ಎಲ್ಲರ ಅಂಗಿಯಲ್ಲೂ ಐದಾರು ಇದೆ. ಟೈಲರುಗಳು ಯಾರನ್ನೂ ಕೇಳದೆ ತಂದು ಕನ್ನಡ ಮಾಡಿಕೊಂಡರು. ಯಾವ ಗುಂಪಿನಲ್ಲೂ ಚರ್ಚೆ ಆಗಲಿಲ್ಲ.

———

ನಂ. ಕು., ವಿಜಯನಗರ

ಪೋರ‍್ಚುಗೀಸರು ಹಡಗು ಇಳಿಯುವ ಮೊದಲು ಕನ್ನಡಿಗರು ಎದೆ ತೆರೆದುಕೊಂಡು ಓಡಾಡುತ್ತಿದ್ದರೇ?

———

ಜ. ರಾ., ಚಾಮರಾಜಪೇಟೆ

ಕಸೆ ಕಟ್ಟುತ್ತಿದ್ದರು. ಕಸೆಯಂಗಿ ಕೇಳಿಲ್ಲವೇ? ಹೊಸ ಸಾಮಾನು ಬಂತು, ಹೆಸರನ್ನೂ ಹೊತ್ತು ತಂತು.

———

ವೆಂ. ರಾ., ಬಸವನಗುಡಿ

ಕಾಜಾ ಒಪ್ಪಿದೆ. ಹಾಗಾದರೆ ‘ಬೀರು’ ಕೂಡ ಕೇಳಿ. ಫ್ರೆಂಚಿನ ‘ಬ್ಯೂರೋ’ ಇಂಗ್ಲಿಷಿನ ಮೂಲಕ ನಮ್ಮ ಮನೆಗೆ ಬಂದು ಬೀರು ಆಯಿತು. ಬ್ಯೂರೋ ಮೊದಲು ಮೇಜು. ಅದಕ್ಕೂ ಮೊದಲು ಆ ಮೇಜಿನ ಮೇಲೆ ಹಾಸುತ್ತಿದ್ದ ಒರಟು ಉಣ್ಣೆ ಬಟ್ಟೆ. ಬಟ್ಟೆ ಮೇಜಾಯಿತು, ಮೇಜು ಕಚೇರಿಯಾಯಿತು, ಕಬ್ಬಿಣದ ಕಪಾಟೂ ಆಯಿತು. ಈಗ ನನ್ನ ಹೆಂಡತಿಯ ಮೈಸೂರು ಸಿಲ್ಕು ಅದರಲ್ಲಿದೆ. ಬಟ್ಟೆ ಸುತ್ತಿ ಸುತ್ತಿ ಬಟ್ಟೆಯ ಹತ್ತಿರಕ್ಕೇ ಬಂತು. ಈ ಪದವನ್ನು ಓಡಿಸಿ ಅನ್ನುವವರು ಮೊದಲು ಬೀರು ಖಾಲಿ ಮಾಡಿ ತೋರಿಸಲಿ.

———

ನಂ. ಕು., ವಿಜಯನಗರ

ಬಂದು ಬೇರೂರಿದ್ದನ್ನು ಕಿತ್ತು ಹಾಕಿ ಅಂತ ನಾನು ಎಂದೂ ಅಂದಿಲ್ಲ. ಹೊಸದಾಗಿ ಕಟ್ಟುವಾಗ ಮೊದಲು ನಿಮ್ಮ ಹಿತ್ತಲು ನೋಡಿ ಅನ್ನುತ್ತೇನೆ. ನೋಡದೆಯೇ ಇಲ್ಲ ಅನ್ನುತ್ತೀರಿ. ಸೂಜಿಕಾಯಕದ ರಾಮಿತಂದೆ ಅಂತ ಒಬ್ಬ ವಚನಕಾರ ಇದ್ದ. ಸೂಜಿ ಹಿಡಿದವನ ಕೆಲಸಕ್ಕೆ ಹೆಸರು ಅವನ ಹೆಸರಿನಲ್ಲೇ ಇದೆ. ನಿಮಗೆ ಬೂಟೀಕ್ ಬೇಕು.

———

ಜ. ರಾ., ಚಾಮರಾಜಪೇಟೆ

ಇದೊಂದು ಒಪ್ಪತಕ್ಕ ಮಾತು. ಮಲ್ಲೇಶ್ವರದಲ್ಲಿ ಬ್ಲೌಸ್ ಹೊಲಿದು ಕುಚ್ಚು ಹಾಕಿಕೊಡುವ ಹತ್ತಡಿ ಅಂಗಡಿಗೂ ಬೂಟೀಕ್ ಅಂತ ಬೋರ್ಡು. ಬೋರ್ಡು ಬದಲಾದ ವಾರವೇ ಹೊಲಿಗೆ ಕೂಲಿ ಎರಡರಷ್ಟು.

———

ಸು. ಮ., ಮಲ್ಲೇಶ್ವರ

ಬೆಳಗ್ಗೆ 8 ಗಂಟೆ. ನಾಲ್ಕು ಗಂಟೆ ಉಳಿದಿದೆ.

ರಾತ್ರಿ ಫಲಕಗಳನ್ನೆಲ್ಲ ಮತ್ತೆ ಓದಿದೆ. ನನಗೆ ಹೊಳೆದದ್ದು ಇಷ್ಟು. ಹುಟ್ಟಿದಾಗ ಇವುಗಳಲ್ಲಿ ಹೆಚ್ಚಿನವು ‘ಹೌಸ್’ ಆಗಿರಲಿಲ್ಲ. ವರ್ತ್, ಡಿಯೋರ್, ಬಾಲೆನ್ಸಿಯಾಗ ಬಿಡಿ. 1856ರಲ್ಲಿ ಬೇಸಿಂಗ್‌ಸ್ಟೋಕ್ ಅನ್ನುವ ಇಂಗ್ಲೆಂಡಿನ ಊರಿನಲ್ಲಿ 21 ವರ್ಷದ ಥಾಮಸ್ ಬರ್ಬೆರಿ ತೆರೆದದ್ದು ನಮ್ಮ ಚಿಕ್ಕಪೇಟೆಯಲ್ಲಿ ಇರುವಂಥ ಜವಳಿ ಅಂಗಡಿ. ಲ್ಯಾನ್ವಾಂ 1889ರಲ್ಲಿ ಟೋಪಿ ಅಂಗಡಿ. ಅಂಗಡಿಗೆ ‘ಅಂಗಡಿ’ ಅನ್ನುವುದಕ್ಕೆ ನಾವು ಯಾರಿಂದಲೂ ಸಾಲ ತರಬೇಕಿಲ್ಲ. ಹೌಸ್ ಅನ್ನುವುದು ಆಮೇಲೆ, ದುಡ್ಡು ಬಂದ ಮೇಲೆ, ಹಾಕಿಕೊಂಡ ಬಿರುದು. ಬಿರುದನ್ನು ಅವರ ಭಾಷೆಯಲ್ಲೇ ಇಟ್ಟರೆ ನಷ್ಟವೇನು?

ಹೀಗೆ ಕೊಡುತ್ತಿದ್ದೇನೆ:

ಲಗಾಮು, ಪೆಟ್ಟಿಗೆ, ಟೋಪಿ: ದೊಡ್ಡ ಫ್ಯಾಷನ್ ಹೌಸ್‌ಗಳು ಹುಟ್ಟಿದ ಅಂಗಡಿಗಳು

———

ನಂ. ಕು., ವಿಜಯನಗರ

ಲಗಾಮು ಪಾರಸಿ. ಕಡಿವಾಣ ಅನ್ನಿ.

———

ಸು. ಮ., ಮಲ್ಲೇಶ್ವರ

ತಗೊಂಡೆ. ಪೇಪರಿನಲ್ಲಿ ‘ಬೆಲೆ ಏರಿಕೆಗೆ ಕಡಿವಾಣ’ ಬಿಟ್ಟರೆ ಆ ಪದಕ್ಕೆ ಬೇರೆ ಕೆಲಸವೇ ಉಳಿದಿರಲಿಲ್ಲ. ಈ ಅಂಗಡಿಗಳ ಬೆಲೆಪಟ್ಟಿಯ ಪಕ್ಕದಲ್ಲಿ ಚೆನ್ನಾಗಿ ಕಾಣುತ್ತೆ.

———

ಬ. ಹಿ., ರಾಜಾಜಿನಗರ

ಘರಾನಾ ಹೋತು. ಇರಲಿ ಬಿಡ್ರಿ.

———

ಸು. ಮ., ಮಲ್ಲೇಶ್ವರ

1 ಗಂಟೆ. ಪ್ರಿಂಟಿನ ಅಂಗಡಿಯಿಂದಲೇ ಬರೆಯುತ್ತಿದ್ದೇನೆ. ಅವರ ಕಂಪ್ಯೂಟರಿನಲ್ಲಿ ‘ಹೌಸ್‌ಗಳು’ ತೆರೆದರೆ ‘ಹೌಸ್ಗಳು’ ಅಂತ ‘ಗ’ ಹೋಗಿ ‘ಸ’ದ ಕೆಳಗೆ ಕೂತಿದೆ. ಫಾಂಟ್ ಬದಲಾಯಿಸಿದರೂ ಅಷ್ಟೇ. ಡಿಟಿಪಿ ಹುಡುಗ, "ಚಿಕ್ಕದು ಮೇಡಂ, ಯಾರಿಗೂ ಕಾಣಲ್ಲ" ಅಂತಾನೆ. ಆರಡಿ ಬೋರ್ಡು! ಏನು ಮಾಡಲಿ?

———

ನಂ. ಕು., ವಿಜಯನಗರ

ಈಗಿನ ಕನ್ನಡದ ಹೆಸರುಪದ ಮೆಯ್ಯಕ್ಕರದಲ್ಲಿ, ನೀವು ವ್ಯಂಜನ ಅನ್ನುವುದರಲ್ಲಿ, ಮುಗಿಯುವುದಿಲ್ಲ. ಬಸ್ಸು, ಕಾರು, ಬಲ್ಬು. ಕೊನೆಗೆ ಉ ಹಚ್ಚಿ.

———

ಸು. ಮ., ಮಲ್ಲೇಶ್ವರ

‘ಹೌಸುಗಳು’. ಸರಿಯಾಗಿ ಬಂತು! ಅಚ್ಚಾಗುತ್ತಿದೆ. ನಂ. ಕು. ಅವರೇ, ಕಾಫಿ ನನ್ನ ಲೆಕ್ಕ.

———

ನಂ. ಕು., ವಿಜಯನಗರ

‘ಹವ್ಸುಗಳು’.