ಸಹಾಯ ಬೇಕು: ಪದ್ಮಿನಿ ತಗೊಳ್ಳೋದಾ, ಅಂಬಾಸಿಡರಾ?

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ ಈ ವರ್ಷ ಎಪ್ಪತ್ತು. ಹಿಂದೆ ಓಡಿಸುತ್ತಿದ್ದಂಥ ಕಾರನ್ನು ಇನ್ನೊಮ್ಮೆ ಓಡಿಸಬೇಕು ಅನ್ನೋದು ಅವರ ದೊಡ್ಡ ಆಸೆ. ತೀರ್ಥಹಳ್ಳಿ ಕಡೆ ಎರಡು ನೋಡಿ ಬಂದಿದ್ದೀವಿ: 1986ರ ಪ್ರೀಮಿಯರ್ ಪದ್ಮಿನಿ, 1984ರ ಅಂಬಾಸಿಡರ್ ಮಾರ್ಕ್ 4. ಎರಡೂ ಪೆಟ್ರೋಲ್.

ಪದ್ಮಿನಿಯದು 1089 ಸಿಸಿ ಎಂಜಿನ್, ಅಂಬಾಸಿಡರ್‌ದು 1489. ಲೆಕ್ಕದಲ್ಲಿ ಅಂಬಾಸಿಡರ್ ಮುಂದೆ, ಆದರೆ ಮೈಭಾರವೂ ಅದಕ್ಕೇ ಜಾಸ್ತಿ. ಓಡಿಸಿದಾಗ ನನಗೆ ಪದ್ಮಿನಿಯೇ ಚುರುಕು ಅನ್ನಿಸಿತು. ಅಪ್ಪ ಮಾತ್ರ ಅಂಬಾಸಿಡರ್‌ನ ಹಿಂದಿನ ಸೀಟಲ್ಲಿ ಕಾಲು ಚಾಚಿ ಕೂತವರು ಇಳಿಯೋಕೇ ಒಪ್ಪಲಿಲ್ಲ.

ಅದರಲ್ಲೊಂದು ತೊಂದರೆ ಇದೆ. ಸ್ಟೀರಿಂಗ್ ಪಕ್ಕದ ಗೇರ್ ಲಿವರ್ ಎರಡರಿಂದ ಮೂರಕ್ಕೆ ಹೋಗುವಾಗ ನಡುವೆ ಸಿಕ್ಕಿಕೊಂಡು, ಆಮೇಲೆ ಟಕ್ ಅಂತ ಬೀಳುತ್ತೆ. ಬರೀ ಬುಷ್ (ಲಿವರ್ ಕೀಲಿನೊಳಗಿನ ಸಣ್ಣ ಉಂಗುರ) ಸವೆದಿದ್ದಾ, ಗೇರ್‌ಬಾಕ್ಸೇ ಬಿಚ್ಚಬೇಕಾ?

ಇನ್ನೊಂದು, ನಾವು ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗ್ತಿರ್ತೀವಿ. ಹದಿನಾಲ್ಕು ತಿರುವು, ಎರಡೂ ಕಾರಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಮಳೆಗಾಲದಲ್ಲಿ ಇವನ್ನು ಘಾಟಿಯಲ್ಲಿ ಓಡಿಸಿದವರು ದಯವಿಟ್ಟು ಅನುಭವ ಹೇಳಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಯಾವುದರ ಬಿಡಿಭಾಗ ಸುಲಭವಾಗಿ ಸಿಗುತ್ತೆ ಅಂತಲೂ ತಿಳಿಸಿ. ಭಾನುವಾರ ಮುಂಗಡ ಕೊಡಬೇಕು.