ಅಪ್‌ಡೇಟ್: ರೀಫ್ ಟ್ಯಾಂಕ್ ಮಾರಲಿಲ್ಲ

ಎರಡು ತಿಂಗಳ ಹಿಂದೆ ಕೇಳಿದ್ದೆ: ನನ್ನ ರೀಫ್ ಟ್ಯಾಂಕಿನಲ್ಲಿ (ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ) ಪಾಚಿ ಹೋಗುತ್ತಲೇ ಇಲ್ಲ, ಹವಳಗಳು ಒಂದೊಂದಾಗಿ ಸಾಯುತ್ತಿವೆ, ಎಲ್ಲ ಮಾರಿಬಿಡಲಾ ಅಂತ.

ಮಾರಲಿಲ್ಲ. ಮೊದಲು ಆರ್‌ಒ-ಡಿಐ ಫಿಲ್ಟರ್ ನೀರಿನ ಟಿಡಿಎಸ್ (ನೀರಲ್ಲಿ ಕರಗಿರುವ ಲವಣಗಳ ಅಳತೆ) ನೋಡಿ ಅಂದಿದ್ದಿರಿ. ನೋಡಿದರೆ 48! ಸೊನ್ನೆ ಇರಬೇಕಾದದ್ದು. ನಮ್ಮದು ಬೋರ್‌ವೆಲ್ ನೀರು, ಫಿಲ್ಟರಿನ ಮೆಂಬ್ರೇನ್ ಹಾಳಾಗಿತ್ತು. ಆವಿಯಾದಷ್ಟು ನೀರನ್ನು ದಿನಾ ಆ ಫಿಲ್ಟರ್ ನೀರಿನಿಂದಲೇ ತುಂಬಿಸುತ್ತಿದ್ದೆ. ನೀರು ಆವಿಯಾದರೂ ಅದರಲ್ಲಿದ್ದದ್ದು ಟ್ಯಾಂಕಿನಲ್ಲೇ ಉಳಿಯುತ್ತೆ ಅಲ್ವಾ, ಪಾಚಿಗೆ ಅದೇ ಊಟ.

ಮೆಂಬ್ರೇನ್, ಅದರ ನಂತರ ಉಳಿದ ಲವಣ ಹೀರುವ ಡಿಐ ರೆಸಿನ್ ಎರಡೂ ಬದಲಿಸಿದೆ. ವಾರಕ್ಕೊಮ್ಮೆ 10% ನೀರು ಬದಲಿಸಿ, ಪಾಚಿಯನ್ನು ಕೈಯಲ್ಲೇ ಕಿತ್ತೆ. ಔಷಧಿ ಮುಟ್ಟಲಿಲ್ಲ. ಮೊದಲ ಮೂರು ವಾರ ಏನೂ ಬದಲಾಗಲಿಲ್ಲ, ತುಂಬಾ ಬೇಜಾರಾಗಿತ್ತು.

ನಿನ್ನೆ ಮಧ್ಯಾಹ್ನ, ಸತ್ತೇಹೋಯ್ತು ಅಂದುಕೊಂಡಿದ್ದ ಜೋಯಾಂಥಿಡ್ (ಹವಳಕ್ಕೆ ಹತ್ತಿರದ, ಹೂವಿನಂಥ ಜೀವಿ) ಗೊಂಚಲಲ್ಲಿ ನಾಲ್ಕು ಅರಳಿದ್ದವು. ಶರ್ಟಿನ ಗುಂಡಿಯಷ್ಟು ಅಗಲ, ಸುತ್ತ ಹಸಿರು ಅಂಚು. ಊಟ ಮರೆತು ನೋಡುತ್ತಾ ಕೂತಿದ್ದೆ. ತುಂಬಾ ಥ್ಯಾಂಕ್ಸ್.